ದುರ್ಗದ ಕೋಟೆಯಲ್ಲಿ ನೀರಿನ ಜಾಡು ಹಿಡಿಯಿರಿ

ನಮಸ್ಕಾರ. ಚಿತ್ರದುರ್ಗದ ಕೋಟೆ ನೋಡಿ ಬಂದವರನ್ನು ಏನು ನೋಡಿದ್ರಿ ಅಂತ ಕೇಳಿ. ಮೊದಲು ಬರುವ ಹೆಸರು ಒನಕೆ ಓಬವ್ವನ ಕಿಂಡಿ. ಸರಿ. ಆದರೆ ಆ ಹೊತ್ತಿನಲ್ಲಿ ಓಬವ್ವ ಅಲ್ಲಿಗೆ ಯಾಕೆ ಬಂದಿದ್ದಳು? ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಕುಡಿಯೋಕೆ ನೀರಿರಲಿಲ್ಲ. ನೀರು ತರೋಕೆ ಬಂದಿದ್ದಳು ಅಂತಲೇ ಅಲ್ವಾ ನಾವೆಲ್ಲ ಕೇಳಿಕೊಂಡು ಬೆಳೆದ ಕತೆ? ಅವಳು ನೀರಿಗೆ ಬಂದ ಆ ಪುಟ್ಟ ಹೊಂಡ, ತಣ್ಣೀರು ದೋಣಿ ಅಂತಾರೆ, ಕಿಂಡಿಯ ಹತ್ತಿರವೇ ಇದೆ. ಬಹಳ ಜನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಅದರ ಕಡೆ ತಿರುಗಿಯೂ ನೋಡದೆ ಹೊರಡುತ್ತಾರೆ. ನನಗೆ ಸಂಕಟವಾಗುತ್ತದೆ.

ಅದಕ್ಕೇ ಹೇಳ್ತೀನಿ, ಮುಂದಿನ ಸಲ ಕೋಟೆಯನ್ನು ನೀರಿನ ಜಾಡು ಹಿಡಿದು ಸುತ್ತಿ.

ಮೇಲೆ ಗೋಪಾಲಸ್ವಾಮಿ ಹೊಂಡದಿಂದ ಶುರು ಮಾಡಿ. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆ ಅಲ್ಲಿ ಬಂದು ನಿಲ್ಲುತ್ತದೆ. ಅದು ತುಂಬಿ ಹರಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಪಂಪಿಲ್ಲ, ಪೈಪಿಲ್ಲ. ಬೆಟ್ಟದ ಇಳಿಜಾರನ್ನೇ ನಂಬಿ ಮಾಡಿದ ಕೆಲಸ. ನಮ್ಮದು ಮಳೆ ಕಮ್ಮಿ ಇರುವ ಬಯಲುಸೀಮೆ. ಹೈದರಾಲಿ ಈ ಕೋಟೆಗೆ ಮತ್ತೆ ಮತ್ತೆ ಮುತ್ತಿಗೆ ಹಾಕಿದ, ಕೈಗೆ ಸಿಕ್ಕಿದ್ದು 1779ರಲ್ಲಿ. ಒಳಗೆ ನೀರಿಲ್ಲದಿದ್ದರೆ ಏಳು ಸುತ್ತಿನ ಗೋಡೆ ಎಷ್ಟು ದಿನ ತಡೆಯುತ್ತಿತ್ತು, ಹೇಳಿ?

ಒಂದು ಸಲ ಮಳೆ ನಿಂತ ಮೇಲೆ ಹತ್ತಿದ್ದೆ. ಬಂಡೆಯ ಮೇಲೆ ಹೆಬ್ಬೆರಳು ಗಾತ್ರದ ನೀರು ಇಳಿದು ಬರುತ್ತಿತ್ತು. ಅದರ ಜೊತೆಗೇ ನಡೆದೆ. ಒಂದು ಕಡೆ ಸಂದಿಯಲ್ಲಿ ಚಿಪ್ಸ್ ಪ್ಯಾಕೆಟ್ ಸಿಕ್ಕಿಕೊಂಡು, ನೀರು ಅಲ್ಲೇ ನಿಂತು ಪಕ್ಕಕ್ಕೆ ಚೆಲ್ಲುತ್ತಿತ್ತು. ಬೆರಳು ಹಾಕಿ ಎಳೆದೆ. ಗುಳುಕ್ ಅಂತ ಸದ್ದು ಮಾಡಿ ನೀರು ಮುಂದೆ ಹೋಯಿತು. ದಯವಿಟ್ಟು, ತಂದ ಪ್ಯಾಕೆಟ್ ವಾಪಸ್ ತಗೊಂಡು ಹೋಗಿ.

ಕೋಟೆ ಇಳಿದು ಸುಸ್ತಾಗಿದ್ದರೂ ಹತ್ತಿರದಲ್ಲೇ ಇರುವ ಚಂದ್ರವಳ್ಳಿ ಬಿಡಬೇಡಿ. ಅಲ್ಲಿ ನೆಲ ಅಗೆದಾಗ ಶಾತವಾಹನರ ನಾಣ್ಯ ಸಿಕ್ಕಿವೆ, ರೋಮಿನ ನಾಣ್ಯವೂ ಸಿಕ್ಕಿವೆ. ಅಷ್ಟು ಹಳೆಯ ಊರು. ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಮಯೂರಶರ್ಮನ ಶಾಸನವಿದೆ. ನಾಲ್ಕನೇ ಶತಮಾನದ್ದು, ಪ್ರಾಕೃತದಲ್ಲಿ ಮೂರೇ ಸಾಲು. ಕದಂಬರ ರಾಜ್ಯವನ್ನೇ ಕಟ್ಟಿದವನು ಇಲ್ಲಿ ಬರೆಸಿದ್ದು ಕೆರೆ ಕಟ್ಟಿಸಿದ ಸಂಗತಿ.

ಅಕ್ಷರ ಓದೋಕೆ ಬರದಿದ್ದರೂ ಪರವಾಗಿಲ್ಲ. ಚಂದ್ರವಳ್ಳಿಯಲ್ಲಿ ಇವತ್ತಿಗೂ ಕೆರೆ ಇದೆ. ದಂಡೆಯ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತು ಬನ್ನಿ.