ಬೆಳ್ಳಿಯ ಸೊಂಟದ ಎಕ್ಸ್‌ರೇ

ಈ ವಿಡಿಯೋದಲ್ಲಿ ನಮ್ಮ ನಾಯಿಮರಿ ಬೆಳ್ಳಿಯ ಹಿಂದಿನ ಕಾಲು ನೋಡಿ. ಓಡುವಾಗ ಎರಡನ್ನೂ ಜೋಡಿಸಿಕೊಂಡು ಮೊಲದ ಹಾಗೆ ಕುಪ್ಪಳಿಸುತ್ತಾಳೆ ಅಲ್ವಾ? ಮನೆಯಲ್ಲಿ ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ನಮ್ಮ ಹಳೇ ನಾಯಿ ಟೈಗರ್, ಜರ್ಮನ್ ಶೆಫರ್ಡ್, ಮರಿಯಲ್ಲಿ ಹೀಗೇ ಓಡುತ್ತಿದ್ದ. ಐದನೇ ವರ್ಷಕ್ಕೆ ಜಗುಲಿ ಮೆಟ್ಟಿಲು ಹತ್ತಲಾಗದೆ ಕೂತುಬಿಟ್ಟ. ಮಳೆಗಾಲದ ಥಂಡಿ ಇರಬೇಕು ಅಂತ ನಾವು ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಎಕ್ಸ್‌ರೇ ತೆಗೆಸುವ ಹೊತ್ತಿಗೆ ಸೊಂಟದ ಕೀಲು ಸವೆದುಹೋಗಿತ್ತು.

ಬೆಳ್ಳಿ ಲ್ಯಾಬ್ರಡಾರ್, 22 ವಾರ. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಹೊರಟೆವು. ದಾರಿಯಲ್ಲಿ ಎರಡು ಸಲ ವಾಂತಿ, ಅದನ್ನು ಎಡಿಟ್ ಮಾಡಿದ್ದೇನೆ.

ಮಾರಿದವರಿಗೆ ಮೊದಲೇ ಫೋನ್ ಮಾಡಿದ್ದೆ. 'ಪೇಪರ್ ಇದೆಯಲ್ಲ ಸಾರ್' ಅಂದರು. ನಮ್ಮ ಪೇಪರ್‌ನಲ್ಲಿ ಇವಳ ಅಪ್ಪ, ಅಮ್ಮ, ಅಜ್ಜನ ಹೆಸರಿದೆ. ಅವರ ಸೊಂಟ ಹೇಗಿತ್ತು ಅಂತ ಒಂದಕ್ಷರ ಇಲ್ಲ. ಈ ಕಾಯಿಲೆ, ಹಿಪ್ ಡಿಸ್ಪ್ಲೇಸಿಯಾ, ಅಂದರೆ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಸರಿಯಾಗಿ ಕೂರದೆ ಕೀಲು ಸಡಿಲಾಗುವುದು, ವಂಶದಲ್ಲಿ ಹರಿದು ಬರುವಂಥದ್ದು, ಹಾಗಾಗಿ ತರುವ ಮೊದಲೇ ಅಪ್ಪ ಅಮ್ಮನ ಎಕ್ಸ್‌ರೇ ಕೇಳಬೇಕಿತ್ತು. ಮರಿ ಮುದ್ದಾಗಿತ್ತು, ಎತ್ತಿಕೊಂಡು ಬಂದೆ.

ಡಾಕ್ಟರ್ ಇವಳಿಗೆ ಮಂಪರು ಬರಿಸಿ ಮಲಗಿಸಿದರು. ಎಚ್ಚರವಿದ್ದರೆ ಸ್ನಾಯು ಬಿಗಿ ಹಿಡಿಯುತ್ತದೆ, ಕೀಲು ಸಡಿಲ ಇರುವುದು ಗೊತ್ತಾಗಲ್ಲ. ಮಂಡಿ ಹಿಡಿದು ಮೇಲಕ್ಕೆ ಒತ್ತಿ, ಕಾಲನ್ನು ನಿಧಾನ ಹೊರಕ್ಕೆ ಅಗಲಿಸಿದರು. ಎಡಗಡೆ ಸಣ್ಣದಾಗಿ 'ಟಕ್' ಅಂತು. ತೊಡೆಮೂಳೆಯ ಗುಂಡು ತನ್ನ ಬಟ್ಟಲಿನಿಂದ ಜಾರಿ ಮತ್ತೆ ಒಳಗೆ ಕೂತ ಸದ್ದು ಅದು. ಆಮೇಲೆ ಕಾಲು ನೇರ ಚಾಚಿಸಿ ಎಕ್ಸ್‌ರೇ. ಪೆನ್‌ಹಿಪ್ ಅಂತ ಇನ್ನೊಂದು ವಿಧಾನ ಇದೆ, ಗುಂಡು ಎಷ್ಟು ಹೊರಬರುತ್ತದೆ ಅಂತಲೇ ಅಳೆಯುತ್ತಾರೆ, 16 ವಾರಕ್ಕೇ ಮಾಡಬಹುದು. ನಾವು ಮಾಡಿಸಿದ್ದು ಅದಲ್ಲ, ಮಾಮೂಲಿ ಫಿಲ್ಮ್.

ಸವೆತ ಇಲ್ಲ, ಎಡಗಡೆ ಸ್ವಲ್ಪ ಸಡಿಲ. ಉಸಿರು ಬಿಟ್ಟೆ. ಆದರೆ ಇಲ್ಲೇ ಒಂದು ಮಾತು ಚುಚ್ಚಿತು. ಸೊಂಟದ ಮೂಳೆ ಬೆಳೆಯುವ ಒಂದು ಜಾಗವನ್ನು ಸುಟ್ಟು ನಿಲ್ಲಿಸಿ, ಬಟ್ಟಲು ಗುಂಡಿನ ಮೇಲೆ ಸರಿಯಾಗಿ ಕೂರುವ ಹಾಗೆ ಮಾಡುವ ಸಣ್ಣ ಆಪರೇಷನ್ ಇದೆಯಂತೆ, ಅದಕ್ಕೆ ವಯಸ್ಸು 12ರಿಂದ 20 ವಾರ. ನಾನು ಬೇಗ ಬಂದೆ ಅಂದುಕೊಂಡಿದ್ದೆ, ಎರಡು ವಾರ ತಡವಾಗಿತ್ತು! ಇವಳಿಗೆ ಅದು ಬೇಕೇ ಇತ್ತು ಅಂತಲ್ಲ. ಆದರೂ.

ಎರಡು ವರ್ಷ ತುಂಬಿದ ಮೇಲೆ ಇನ್ನೊಂದು ಎಕ್ಸ್‌ರೇ ಆಗಬೇಕು, ಅಲ್ಲಿವರೆಗೆ ಪೂರ್ತಿ ಖಾತ್ರಿ ಇಲ್ಲ. ಅಂಗಡಿಯವರು ಕೊಟ್ಟ ಕ್ಯಾಲ್ಸಿಯಂ ಟಾನಿಕ್ ಬಂದ್. ದೊಡ್ಡ ಜಾತಿಯ ಮರಿಗಳಿಗೆ ಅದು ಜಾಸ್ತಿಯಾದರೆ ಮೂಳೆಗೇ ಕೆಟ್ಟದ್ದು. ನಮ್ಮ ರೆಡ್ ಆಕ್ಸೈಡ್ ನೆಲದಲ್ಲಿ ಜಾರುತ್ತಾಳೆ ಅಂತ ನಡುಮನೆ ತುಂಬಾ ಗೋಣಿಚೀಲ ಹಾಸಿದ್ದೇವೆ. ಮನೆ ಈಗ ಅಡಿಕೆ ಮಂಡಿ ತರ ಕಾಣುತ್ತಿದೆ.

ಎಲ್ಲಕ್ಕಿಂತ ಕಷ್ಟ ತೂಕ. ಸಂಶೋಧಕರು ಲ್ಯಾಬ್ರಡಾರ್ ಮರಿಗಳನ್ನೇ ಎರಡೆರಡಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ 25 ಕಡಿಮೆ ಊಟ ಹಾಕಿ ಬದುಕಿಡೀ ನೋಡಿದ್ದಾರೆ, ಕಡಿಮೆ ತಿಂದವಕ್ಕೆ ಸೊಂಟದ ಸವೆತ ತಡವಾಗಿ ಬಂತು, ಆಯಸ್ಸೂ ಸುಮಾರು ಎರಡು ವರ್ಷ ಹೆಚ್ಚಾಯಿತು ಅಂತ ಅಮ್ಮನಿಗೆ ಕೂರಿಸಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು, ಕಡುಬನ್ನು ನಾಲ್ಕು ಭಾಗ ಮಾಡಿ, ಒಂದು ತೆಗೆದಿಟ್ಟು, ಮೂರನ್ನು ಬೆಳ್ಳಿಗೆ ಹಾಕಿದಳು.