ಕೆನಡಾದ ಬಾಗಿಲಲ್ಲಿ ಹೇಳಬೇಕಾದ್ದು

ಕೇಳುಗರಿಗೆ ನಮಸ್ಕಾರ.

ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಸಿಕ್ಕವರು ಮಂಗಳೂರು, ಉಡುಪಿ ಕಡೆ ಈಗ ಸಾಕಷ್ಟು ಮಂದಿ ಇದ್ದಾರೆ. ಪಾಸ್‌ಪೋರ್ಟಿನಲ್ಲಿ ವೀಸಾ ಬಂತು, ಜೊತೆಗೆ ಸಿಒಪಿಆರ್ ಎಂಬ ದೃಢೀಕರಣ ಪತ್ರವೂ ಬಂತು ಎಂದರೆ ಮನೆಯಲ್ಲಿ ಹಬ್ಬವೇ. ಆದರೆ ಆ ಹೊತ್ತಿಗೆ ನೀವಿನ್ನೂ ಪಿಆರ್ ಆಗಿರುವುದಿಲ್ಲ. ಕೆನಡಾದಲ್ಲಿ ಇಳಿದು, ಅಧಿಕಾರಿಯ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಸಹಿ ಹಾಕಿದ ಮೇಲೆಯೇ ಆಗುವುದು. ಲ್ಯಾಂಡಿಂಗ್ ಎಂದರೆ ಇದೇ. ಅಲ್ಲಿ ಹೇಳಿದ್ದೂ ಹೇಳದೆ ಬಿಟ್ಟದ್ದೂ ವರ್ಷಗಟ್ಟಲೆ ನಿಮ್ಮ ಬೆನ್ನಿಗೇ ಇರುತ್ತದೆ.

ಮೊದಲು ಸಿಒಪಿಆರ್ ಮೇಲಿನ ಕೊನೆಯ ದಿನಾಂಕ ನೋಡಿಕೊಳ್ಳಿ. ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆಯ ಒಂದು ವರ್ಷದ ಅವಧಿ, ಪಾಸ್‌ಪೋರ್ಟಿನ ಅವಧಿ, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಇದರ ಗಡುವು. ವಿಸ್ತರಣೆ ಸಿಗುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಕುಟುಂಬವಾಗಿ ಹೋಗುವವರಲ್ಲಿ ಮುಖ್ಯ ಅರ್ಜಿದಾರರು ಮೊದಲು ಇಳಿಯಬೇಕು, ಇಲ್ಲವೇ ಎಲ್ಲರೂ ಒಟ್ಟಿಗೆ. ಹೆಂಡತಿ ಮಕ್ಕಳು ಮುಂಚೆ, ಅರ್ಜಿದಾರ ಆಮೇಲೆ ಎಂಬುದು ನಡೆಯುವುದಿಲ್ಲ.

ಇನ್ನು ಮದುವೆಯ ವಿಷಯ. ನಮ್ಮ ಕಡೆಯವರು ಅತಿ ದೊಡ್ಡ ಪೆಟ್ಟು ತಿನ್ನುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹುಡುಗನಿಗೆ ವೀಸಾ ಬಂದಿದೆ, ಇನ್ನೆರಡು ತಿಂಗಳಲ್ಲಿ ಹೊರಡುತ್ತಾನೆ. ಶುಭಕಾರ್ಯ ನಡೆಯದ ಆಟಿ ತಿಂಗಳು ಹಿಡಿಯುವ ಮೊದಲು ಮದುವೆ ಮುಗಿಸಿಬಿಡೋಣ, ಹುಡುಗಿಯನ್ನು ಆಮೇಲೆ ಕರೆಸಿಕೊಳ್ಳಲಿ ಎಂದು ಹಿರಿಯರು ಹೇಳುತ್ತಾರೆ. ಅರ್ಜಿ ಹಾಕುವಾಗ ಅವನು ಅವಿವಾಹಿತ. ಈಗ ಮದುವೆಯಾಗಿ, ಅದನ್ನು ತಿಳಿಸದೆ ಲ್ಯಾಂಡಿಂಗ್ ಮಾಡಿದ. ಮುಂದೆ ಹೆಂಡತಿಯನ್ನು ಸ್ಪಾನ್ಸರ್ ಮಾಡಲು ಹೋದಾಗ ಕೆನಡಾದ ವಲಸೆ ನಿಯಮಾವಳಿಯ 117ನೇ ನಿಯಮ ಅಡ್ಡ ಬರುತ್ತದೆ. ಲ್ಯಾಂಡಿಂಗ್‌ಗೆ ಮೊದಲು ಹೆಸರು ತಿಳಿಸದ, ತಪಾಸಣೆಗೆ ಒಳಪಡದ ಸಂಗಾತಿಯನ್ನೂ ಮಗುವನ್ನೂ ಅದು ಕುಟುಂಬ ವರ್ಗದಿಂದಲೇ, ಅಂದರೆ ಸ್ಪಾನ್ಸರ್ ಮಾಡಿ ಕರೆಸಿಕೊಳ್ಳಬಹುದಾದವರ ಸಾಲಿನಿಂದಲೇ ಹೊರಗಿಡುತ್ತದೆ. ಸುಳ್ಳು ಮಾಹಿತಿ ಕೊಟ್ಟ ಆರೋಪ ಸೇರಿಕೊಂಡರೆ ಪಿಆರ್ ಕೂಡ ಹೋದೀತು, ಐದು ವರ್ಷದ ನಿಷೇಧವೂ ಬಿದ್ದೀತು.

ನಿಶ್ಚಿತಾರ್ಥ ಮಾಡಿಕೊಂಡರೆ ತೊಂದರೆಯಿಲ್ಲ, ಅದು ಮದುವೆಯಲ್ಲ. ಆದರೆ ಮುಹೂರ್ತ ಮುಂದಿನ ವರ್ಷಕ್ಕಿರಲಿ, ಕಾಗದಪತ್ರಕ್ಕೆ ಬೇಕಾಗುತ್ತದೆ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೇ ನೋಂದಣಿ ಮಾಡಿಸಿಕೊಂಡರೆ, ಆ ದಿನವೇ ನೀವು ವಿವಾಹಿತರು. ದೇವಸ್ಥಾನದಲ್ಲಿ ಧಾರೆ ಎರೆದು, ನೋಂದಣಿ ಮಾಡಿಸಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ ಎನ್ನುವುದೂ ತಪ್ಪು. ಮದುವೆಯಾಯಿತೇ? ಟಿಕೆಟ್ ಬದಿಗಿಡಿ, ವಲಸೆ ಇಲಾಖೆಗೆ ಬರೆದು ತಿಳಿಸಿ. ಹೆಂಡತಿಯ ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ ಎಲ್ಲ ಆಗಬೇಕು, ತೋರಿಸಬೇಕಾದ ಹಣದ ಮೊತ್ತವೂ ಏರಬಹುದು, ಕಡತ ತಿಂಗಳುಗಟ್ಟಲೆ ತಡವಾಗುತ್ತದೆ. ಆದರೂ ಸರಿಯಾದ ದಾರಿ ಅದೇ. ಲ್ಯಾಂಡಿಂಗ್ ಮುಗಿಸಿ ಆಮೇಲೆ ಮದುವೆಯಾಗುವುದು ಇನ್ನೊಂದು ದಾರಿ. ಆಗ ಒಂದು ಮಾತು ನೆನಪಿರಲಿ: ಪಿಆರ್ ಇರುವವರು ಕೆನಡಾದಲ್ಲಿ ವಾಸವಿದ್ದುಕೊಂಡೇ ಸ್ಪಾನ್ಸರ್ ಮಾಡಬೇಕು, ಊರಲ್ಲಿ ಕುಳಿತು ಆಗುವುದಿಲ್ಲ. ಈ ನಡುವೆ ಮಗು ಹುಟ್ಟಿದ್ದರೆ, ವಿಚ್ಛೇದನವಾಗಿದ್ದರೆ ಅದನ್ನೂ ಲ್ಯಾಂಡಿಂಗ್‌ಗೆ ಮೊದಲೇ ತಿಳಿಸಬೇಕು.

ಎರಡನೆಯದು ಸಾಮಾನಿನ ಪಟ್ಟಿ. ಕೆನಡಾದ ಕಸ್ಟಮ್ಸ್‌ಗೆ ಕೊಡಬೇಕಾದ ಬಿಎಸ್‌ಎಫ್ 186 ಎಂಬ ನಮೂನೆ ಇದೆ, ಮನೆಯಲ್ಲೇ ಇಂಗ್ಲಿಷಿನಲ್ಲಿ ತುಂಬಿ ಎರಡು ಪ್ರತಿ ಇಟ್ಟುಕೊಳ್ಳಿ. ಈಗ ಜೊತೆಗೆ ತರುವ ಸಾಮಾನು ಒಂದು ಕಡೆ, ಮುಂದೆ ತರಿಸುವ ಸಾಮಾನು ಇನ್ನೊಂದು ಕಡೆ. ಎರಡನೆಯದನ್ನು ಖಾಲಿ ಬಿಡುವವರೇ ಹೆಚ್ಚು. ಈಗ ಎರಡು ಸೂಟ್‌ಕೇಸ್ ಮಾತ್ರ ತಾನೆ ಎಂದುಕೊಂಡು, ಬ್ಯಾಂಕ್ ಲಾಕರಿನಲ್ಲಿ ಬಿಟ್ಟ ಚಿನ್ನವನ್ನು ಬರೆಯುವುದೇ ಇಲ್ಲ. ಮೊದಲ ಬಾರಿ ಇಳಿಯುವಾಗ ಪಟ್ಟಿಯಲ್ಲಿ ಇಲ್ಲದ್ದು ಆಮೇಲೆ ಬಂದರೆ ಸುಂಕ ಬೀಳಬಹುದು.

ಚಿನ್ನವನ್ನು ಬರೆಯುವ ಕ್ರಮವೇ ಬೇರೆ. ‘ಗೋಲ್ಡ್ ಜ್ಯುವೆಲರಿ’ ಎಂದು ಒಂದೇ ಸಾಲು ಬರೆದರೆ ಪ್ರಯೋಜನವಿಲ್ಲ. ಕರಿಮಣಿ ಸರ, ಎರಡೆಳೆ, ಇಷ್ಟು ಗ್ರಾಂ. ಬಳೆ, ನಾಲ್ಕು, ಇಷ್ಟು ಗ್ರಾಂ. ಹೀಗೆ ಒಂದೊಂದನ್ನೂ ಪ್ರತ್ಯೇಕವಾಗಿ, ಮೌಲ್ಯದ ಸಮೇತ ಬರೆಯಿರಿ. ಪ್ರತಿಯೊಂದರ ಫೋಟೊ, ಆಭರಣದ ಅಂಗಡಿಯ ಮೌಲ್ಯಮಾಪನ ಪತ್ರ ಜೊತೆಗಿರಲಿ. ಲ್ಯಾಪ್‌ಟಾಪ್, ಕ್ಯಾಮೆರಾಗಳಿಗೆ ಸೀರಿಯಲ್ ನಂಬರ್ ಬರೆಯಿರಿ. ನೀವು ಮೊದಲೇ ಸ್ವಂತಕ್ಕೆ ಇಟ್ಟುಕೊಂಡು ಬಳಸಿದ ವಸ್ತುಗಳಿಗೆ ಮಾತ್ರ ಸುಂಕದ ವಿನಾಯಿತಿ. ಹನ್ನೆರಡು ತಿಂಗಳೊಳಗೆ ಅದನ್ನು ಮಾರಿದರೆ ಅಥವಾ ಬೇರೆಯವರಿಗೆ ಕೊಟ್ಟರೆ ಸುಂಕ ಕಟ್ಟಬೇಕು.

ತಿಂಡಿತಿನಿಸು ಇಲ್ಲದೆ ನಮ್ಮವರು ಹೊರಡುವುದುಂಟೇ! ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಮೀನು, ಏನೇ ಇರಲಿ, ಆಹಾರ ಇದೆ ಎಂದು ಘೋಷಿಸಿ. ಘೋಷಿಸಿದ್ದನ್ನು ಬೇಡವೆಂದರೆ ಅವರು ತೆಗೆದಿಡುತ್ತಾರೆ, ಅಷ್ಟೆ. ಬಚ್ಚಿಟ್ಟದ್ದು ಸಿಕ್ಕಿದರೆ 1,300 ಡಾಲರ್‌ವರೆಗೆ ದಂಡ. ಬೇವಿನ ಸೊಪ್ಪು, ಮಲ್ಲಿಗೆ ಗಿಡ, ತರಕಾರಿ ಬೀಜ, ಮಣ್ಣು ಹತ್ತಿದ ಗೆಡ್ಡೆಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ದಿನವೂ ಗುಳಿಗೆ ತೆಗೆದುಕೊಳ್ಳುವವರು ಮೂಲ ಪ್ಯಾಕಿನಲ್ಲೇ, ವೈದ್ಯರ ಚೀಟಿಯೊಂದಿಗೆ 90 ದಿನಕ್ಕೆ ಬೇಕಾದಷ್ಟು ಒಯ್ಯಬಹುದು.

ಹಣದ ಮಟ್ಟಿಗೆ, ಭಾರತದಿಂದ ವಿದೇಶಿ ನೋಟಿನ ರೂಪದಲ್ಲಿ ಒಯ್ಯಬಹುದಾದ್ದು 3,000 ಅಮೆರಿಕನ್ ಡಾಲರ್ ಮಾತ್ರ. ಉಳಿದದ್ದು ಫಾರೆಕ್ಸ್ ಕಾರ್ಡ್, ಡ್ರಾಫ್ಟ್, ಬ್ಯಾಂಕ್ ವರ್ಗಾವಣೆಯಲ್ಲಿ ಹೋಗಲಿ. ನೋಟು, ಡ್ರಾಫ್ಟ್ ಸೇರಿ 10,000 ಕೆನಡಿಯನ್ ಡಾಲರ್ ಅಥವಾ ಹೆಚ್ಚಿದ್ದರೆ ಅಲ್ಲಿ ಘೋಷಿಸಬೇಕು. ಅದಕ್ಕೆ ತೆರಿಗೆಯಿಲ್ಲ, ಮುಚ್ಚಿಟ್ಟರೆ ಮಾತ್ರ ಜಪ್ತಿ.

ಬಜಪೆಯಿಂದ ಹೊರಟು ಬೆಂಗಳೂರು, ಮುಂಬೈ ಅಥವಾ ದೆಹಲಿಯಲ್ಲಿ ವಿಮಾನ ಬದಲಿಸುತ್ತೀರಿ. ಟಿಕೆಟ್ ಕ್ಯಾಲ್ಗರಿಗೇ ಇದ್ದರೂ ದಾರಿಯಲ್ಲಿ ಟೊರೊಂಟೊ ಸಿಕ್ಕಿದರೆ ಲ್ಯಾಂಡಿಂಗ್ ಆಗುವುದು ಟೊರೊಂಟೊದಲ್ಲೇ. ವಲಸೆ ಕೋಣೆಯ ಸರದಿ, ಆಮೇಲೆ ಕಸ್ಟಮ್ಸ್ ಸರದಿ. ನಡುವೆ ನಾಲ್ಕು ಗಂಟೆಯಾದರೂ ಇರುವ ಟಿಕೆಟ್ ತೆಗೆಯಿರಿ. ಸಿಒಪಿಆರ್, ಹಣದ ದಾಖಲೆ, ಸಾಮಾನಿನ ಪಟ್ಟಿ ಕೈಚೀಲದಲ್ಲಿರಲಿ. ಸಹಿ ಹಾಕುವ ಮೊದಲು ಹೆಸರಿನ ಒಂದೊಂದು ಅಕ್ಷರ, ಹುಟ್ಟಿದ ದಿನಾಂಕ ಓದಿ. ಇನಿಷಿಯಲ್, ಮನೆತನದ ಹೆಸರು, ತಂದೆಯ ಹೆಸರು ಅದಲುಬದಲಾಗುವುದು ನಮ್ಮ ಕಡೆಯವರಿಗೆ ಹೊಸತಲ್ಲ. ಅಲ್ಲಿಯೇ ಹೇಳಿದರೆ ಅದು ಕೆಲವೇ ನಿಮಿಷದ ಮಾತು, ಸಹಿಯಾದ ಮೇಲೆ ತಿದ್ದುಪಡಿಗೆ ಬೇರೆಯೇ ಅರ್ಜಿ.

ಪಿಆರ್ ಕಾರ್ಡ್ ಅಂಚೆಯಲ್ಲಿ, ಕೆನಡಾದ ವಿಳಾಸಕ್ಕೆ ಮಾತ್ರ ಬರುತ್ತದೆ. ಮನೆ ಗೊತ್ತಾಗಿಲ್ಲದಿದ್ದರೆ 180 ದಿನದೊಳಗೆ ವಿಳಾಸ ಕೊಡಿ, ತಡವಾದರೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕಾಗುತ್ತದೆ. ಕಾರ್ಡ್ ಕೈಗೆ ಬರುವ ಮೊದಲು ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆಂದು ಬಂದುಬಿಟ್ಟರೆ, ಹಿಂತಿರುಗುವಾಗ ವಿಮಾನ ಹತ್ತಲು ಬಿಡುವುದಿಲ್ಲ, ಪ್ರಯಾಣ ಪತ್ರಕ್ಕೆ ಬೇರೆ ಅರ್ಜಿ ಹಾಕಿ ಕಾಯಬೇಕು. ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕೆಂಬ ಲೆಕ್ಕವನ್ನೂ ಮರೆಯಬೇಡಿ.

ಇಳಿದ ವಾರದಲ್ಲೇ, ಕೆಲಸಕ್ಕೂ ತೆರಿಗೆಗೂ ಬೇಕಾಗುವ ಸಿನ್ ಎಂಬ ಒಂಬತ್ತು ಅಂಕಿಯ ಸಂಖ್ಯೆ ಮಾಡಿಸಿಕೊಳ್ಳಿ, ಅದು ಉಚಿತ. ವಿದ್ಯಾರ್ಥಿಯಾಗಿ ಮೊದಲೇ ಹೋದವರ ಸಂಖ್ಯೆ 9ರಿಂದ ಶುರುವಾಗುತ್ತದೆ, ಅದನ್ನು ಬದಲಿಸಿಕೊಳ್ಳಬೇಕು. ಆರೋಗ್ಯ ವಿಮೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಒಂಟಾರಿಯೊ 2020ರಲ್ಲಿ ಮೂರು ತಿಂಗಳ ಕಾಯುವಿಕೆಯನ್ನು ತೆಗೆದುಹಾಕಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನಗಳ ಮೇಲೆ ಇನ್ನೆರಡು ತಿಂಗಳು ಕಾಯಬೇಕು. ಜನವರಿಯಲ್ಲಿ ಇಳಿದವರಿಗೆ ಏಪ್ರಿಲ್ ಒಂದಕ್ಕೆ ಶುರು. ಆ ಅವಧಿಗೆ ಖಾಸಗಿ ವಿಮೆ ತೆಗೆದುಕೊಂಡೇ ಹೋಗಿ. ಬಾಡಿಗೆ ಮನೆಗೆ, ಕಣ್ಣಾರೆ ನೋಡದೆ ಇಲ್ಲಿಂದಲೇ ಮುಂಗಡ ಕಳುಹಿಸಬೇಡಿ.

ಊರು ಬಿಡುವ ಮೊದಲಿನ ಕೆಲಸವೂ ಇದೆ. ಆರ್‌ಟಿಒ ಕಚೇರಿಯಿಂದ ಡ್ರೈವಿಂಗ್ ಲೈಸೆನ್ಸಿನ ಎಕ್ಸ್‌ಟ್ರಾಕ್ಟ್, ಅಂದರೆ ಅವರ ದಾಖಲೆಯ ಪ್ರತಿ ತೆಗೆಸಿಕೊಳ್ಳಿ. ಮೊದಲು ಲೈಸೆನ್ಸ್ ಸಿಕ್ಕ ದಿನಾಂಕ ಅದರಲ್ಲಿ ಕಾಣಬೇಕು. ನವೀಕರಣದ ದಿನಾಂಕ ಮಾತ್ರ ಇದ್ದರೆ ಹತ್ತು ವರ್ಷದ ಚಾಲನಾ ಅನುಭವ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನರ್ಸಿಂಗ್ ಓದಿದವರು ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ದೃಢೀಕರಣದ ಕೆಲಸವನ್ನು ಇಲ್ಲಿರುವಾಗಲೇ ಶುರುಮಾಡಿ, ದೂರದಿಂದ ಅದನ್ನು ಬೆನ್ನುಹತ್ತುವುದು ಬಹಳ ಕಷ್ಟ. ಮಕ್ಕಳ ಲಸಿಕೆ ಕಾರ್ಡು ಶಾಲೆಯವರಿಗೆ ಓದಲು ಬರುವಂತೆ ಇಂಗ್ಲಿಷಿನಲ್ಲಿರಲಿ.

ಕೊನೆಯದಾಗಿ ಬ್ಯಾಂಕ್. ಕೆನರಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ನೆಲದವರು ನಾವು, ಆದರೂ ಅನಿವಾಸಿಯಾದ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಲು ಮರೆಯುವವರೇ ಹೆಚ್ಚು. ಪಿಆರ್ ಆದರೂ ನೀವು ಭಾರತದ ಪ್ರಜೆಯೇ. ಪಿತ್ರಾರ್ಜಿತ ಅಡಿಕೆ ತೋಟ ನಿಮ್ಮದಾಗಿಯೇ ಉಳಿಯುತ್ತದೆ, ಹೊಸದಾಗಿ ಕೃಷಿಭೂಮಿ ಕೊಳ್ಳುವುದು ಮಾತ್ರ ಆಗದು. ಆ ತೋಟ, ಮನೆಯ ವ್ಯವಹಾರ ನೋಡಿಕೊಳ್ಳುವವರಿಗೆ ಮುಖ್ತಾರು ಪತ್ರವನ್ನು, ಅಂದರೆ ಪವರ್ ಆಫ್ ಅಟಾರ್ನಿಯನ್ನು ಹೊರಡುವ ಮೊದಲೇ ಬರೆದುಕೊಡಿ. ಇಲ್ಲವಾದರೆ ಭಾರತದ ದೂತಾವಾಸದಲ್ಲಿ ದೃಢೀಕರಿಸಿ, ಅಂಚೆಯಲ್ಲಿ ಕಳುಹಿಸಿ, ಇಲ್ಲಿ ಮತ್ತೆ ಮುದ್ರಾಂಕ ಶುಲ್ಕ ಕಟ್ಟಿಸಬೇಕಾಗುತ್ತದೆ.

ನಮಸ್ಕಾರ.