ಗಂಟಿನೊಳಗಿನ ಗಂಟೆ

ಕೇಳುಗರಿಗೆ ನಮಸ್ಕಾರ. ‘ಹಡಗು ಗಂಟೆಗೆ 20 ನಾಟ್ ವೇಗದಲ್ಲಿ ಸಾಗುತ್ತಿತ್ತು.’ ಇಂಥ ವಾಕ್ಯವನ್ನು ನೀವು ಓದಿರಬಹುದು, ಕೇಳಿಯೂ ಇರಬಹುದು. ಇದರಲ್ಲಿ ‘ಗಂಟೆಗೆ’ ಎಂಬ ಪದ ಹೆಚ್ಚಿನದು. ಏಕೆಂದು ತಿಳಿಯಲು ಹಳೆಯ ಹಾಯಿಹಡಗಿನ ಹಿಂಬದಿಗೆ ಹೋಗಿ ನಿಲ್ಲಬೇಕು.

ನಾಟ್ ಎಂದರೆ ಗಂಟು. ಹಗ್ಗಕ್ಕೆ ಹಾಕುತ್ತೇವಲ್ಲ, ಅದೇ ಗಂಟು. ಕಡಲಿನಲ್ಲಿ ಮೈಲಿಗಲ್ಲು ನೆಡಲು ಬರುವುದಿಲ್ಲ. ಹಾಗಾಗಿ ನಾವಿಕರು ಉದ್ದನೆಯ ಹಗ್ಗದ ತುದಿಗೆ ಕಾಲುವೃತ್ತದ ಆಕಾರದ ಹಲಗೆ ಕಟ್ಟಿ, ಅದರ ಬಾಗಿದ ಅಂಚಿಗೆ ಸೀಸ ಹಾಕಿ ನೀರಿಗೆ ಬಿಡುತ್ತಿದ್ದರು. ಸೀಸದ ಭಾರಕ್ಕೆ ಹಲಗೆ ನೆಟ್ಟಗೆ ನಿಂತು, ಹೆಚ್ಚುಕಡಿಮೆ ಬಿದ್ದಲ್ಲಿಯೇ ಉಳಿಯುತ್ತಿತ್ತು. ಹಡಗು ಮುಂದೆ ಹೋದಂತೆ ರಾಟೆಯಿಂದ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಒಬ್ಬ ಮರಳಿನ ಗಡಿಯಾರ ನೋಡುತ್ತಿದ್ದರೆ, ಇನ್ನೊಬ್ಬನ ಬೆರಳ ಸಂದಿಯಲ್ಲಿ ಗಂಟುಗಳು ಒಂದೊಂದಾಗಿ ಜಾರುತ್ತಿದ್ದವು. ಮರಳು ಇಳಿದು ಮುಗಿಯುವಷ್ಟರಲ್ಲಿ ಎಂಟು ಗಂಟು ದಾಟಿದರೆ ಹಡಗಿನ ವೇಗ ಎಂಟು ನಾಟ್. ಗುಣಾಕಾರ, ಭಾಗಾಕಾರದ ತಲೆನೋವೇ ಇಲ್ಲ.

ಜಾಣತನವೆಲ್ಲ ಗಂಟು ಹಾಕಿದವನದು. ಮರಳಿನ ಗಡಿಯಾರ 28 ಸೆಕೆಂಡಿನದಾದರೆ, ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ. ಒಂದು ಗಂಟೆಯಲ್ಲಿ 28 ಸೆಕೆಂಡು ಎಷ್ಟನೆಯ ಪಾಲೋ, ಒಂದು ನಾಟಿಕಲ್ ಮೈಲಿಯಲ್ಲಿ, ಅಂದರೆ ಕಡಲಿನ ದೂರ ಅಳೆಯುವ ಮೈಲಿಯಲ್ಲಿ, ಈ ಅಂತರವೂ ಅಷ್ಟನೆಯ ಪಾಲು. ಹಾಗಾಗಿ ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಹೀಗೆ ಗಂಟೆಯ ಲೆಕ್ಕ ಮೊದಲೇ ಗಂಟಿನೊಳಗೆ ಸೇರಿಹೋಗಿದೆ. ಅದಕ್ಕೆ ಮತ್ತೊಂದು ‘ಗಂಟೆಗೆ’ ಸೇರಿಸಿದರೆ, ವೇಗ ಗಂಟೆಗಂಟೆಗೂ ಏರುತ್ತಿದೆ ಎಂದು ಹೇಳಿದಂತಾಗುತ್ತದೆ!

ನಾಟಿಕಲ್ ಮೈಲಿಗೆ 1929ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆಯಂತೆ 1852 ಮೀಟರ್ ಎಂದು ನಿಗದಿಯಾಯಿತು. ಸಾಮಾನ್ಯ ಮೈಲಿಗಿಂತ ಇದು ಉದ್ದ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಸಿಗುವ ದೂರ ಸುಮಾರು ಇಷ್ಟೇ. ನಕ್ಷೆಯ ಮೇಲೆ ಎರಡು ಜಾಗಗಳ ನಡುವೆ ಕೈವಾರ ಅಗಲಿಸಿ, ಅದನ್ನು ಹಾಗೆಯೇ ಪಕ್ಕದ ಅಕ್ಷಾಂಶದ ಪಟ್ಟಿಗೆ ಒಯ್ದರೆ ದೂರ ತಿಳಿಯುತ್ತದೆ. ಈ ಅನುಕೂಲಕ್ಕಾಗಿಯೇ ವಿಮಾನದವರೂ ನಾಟ್ ಬಿಟ್ಟಿಲ್ಲ.

ನಾಟ್ ಮತ್ತು ನಾಟಿಕಲ್ ಕೇಳಲು ಅಣ್ಣತಮ್ಮಂದಿರಂತಿದ್ದರೂ ರಕ್ತಸಂಬಂಧವಿಲ್ಲ. ನಾಟಿಕಲ್‌ನ ಮೂಲ ಹಡಗು ಎಂಬ ಅರ್ಥದ ಗ್ರೀಕ್ ಪದ. ಅದು ನಮ್ಮ ‘ನೌಕೆ’ಯ ನೆಂಟ. ಇನ್ನು ಆ ಹಲಗೆಯ ಹೆಸರು ‘ಲಾಗ್’. ಅದರ ಅಳತೆಗಳನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು. ಕಂಪ್ಯೂಟರಿನ ‘ಲಾಗಿನ್’ ಕೂಡ ಅದೇ ವಂಶದ ಕುಡಿ.

ಬರೆಯುವವರಿಗೆ ಒಂದು ಮಾತು. ‘ಗಂಟೆಗೆ’ ಬೇಕೇ ಬೇಕೆಂದರೆ ‘ಗಂಟೆಗೆ 20 ನಾಟಿಕಲ್ ಮೈಲಿ’ ಎನ್ನಿ, ಇಲ್ಲವೇ ‘ಗಂಟೆಗೆ ಸುಮಾರು 37 ಕಿಲೋಮೀಟರ್’ ಎನ್ನಿ. ನಾಟ್ ಎಂದಾಗ ಮಾತ್ರ ‘20 ನಾಟ್’ ಎಂದು ನಿಲ್ಲಿಸಿಬಿಡಿ. ನಮಸ್ಕಾರ.